ಬೆಲ್ಲದ ನೀರು ಹಾಕಿದ ಸೊಪ್ಪು

ನಮ್ಮವ್ವ ಹೊಡೆಯುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅಯ್ಯೋ ಪಾಪ ಅನ್ನುವುದು ಬೇಡ. ನನ್ನನ್ನು ಹೊಡೆಯುತ್ತಿದ್ದಳು, ಹಸುವನ್ನು ಹೊಡೆಯುತ್ತಿದ್ದಳು, ಎಸರು ಬೇಗ ಕುದಿಯದಿದ್ದರೆ ಪಾತ್ರೆಗೂ ಸೌಟಿನಲ್ಲಿ ಎರಡು ಹಾಕುತ್ತಿದ್ದಳು. ಹೊಡೆದ ಹತ್ತು ನಿಮಿಷಕ್ಕೆ ಊಟಕ್ಕೆ ಕರೆಯುತ್ತಿದ್ದಳು, ಮುನಿಸಿಕೊಂಡು ಕೂತರೆ ಅದಕ್ಕೆ ಬೇರೆ ಏಟು. ನನಗೆ ನಲವತ್ತೆರಡು ತುಂಬಿದ ಮೇಲೂ ಇದು ನಿಂತಿರಲಿಲ್ಲ. ವಯಸ್ಸಿಗೆ ಬಂದ ಮಗಳ ಮೇಲೆ ಕೈ ಮಾಡಬಾರದು ಅನ್ನುವ ಮಾತು ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಗಂಡನ ಮನೆಯಿಂದ ನಾನು ವಾಪಸು ಬಂದದ್ದು ಅವನು ಹೊಡೆದ ಅಂತಲ್ಲ, ನಾನು ತಿರುಗಿ ಹೊಡೆದೆ ಅಂತ. ಅವನ ಮುಂದಿನ ಹಲ್ಲೊಂದು ಹೋಯಿತು. ಬಟ್ಟೆ ಗಂಟು ಹಿಡಿದು ಬಾಗಿಲಲ್ಲಿ ನಿಂತು ವಿಷಯ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು, ಯಾವ ಹಲ್ಲು ಅಂತ. ಹೇಳಿದೆ. ಒಳಗೆ ಬಾ ಅಂದಳು. ಅಲ್ಲಿಂದ ಹದಿನೈದು ವರ್ಷ ನಾವಿಬ್ಬರೇ.

ವಿಜಯನಗರದ ಬಡಾವಣೆಗಳು ಒಂದಾದ ಮೇಲೊಂದು ಹಬ್ಬಿ ನುಂಗಿದ ಹಳ್ಳಿಯೊಂದರ ಕಡೇ ಮನೆ ನಮ್ಮದು. ಮುಂದೆ ಡಾಂಬರು ರಸ್ತೆ, ಹಿಂದೆ ಕೊಟ್ಟಿಗೆ. ಬಲಕ್ಕೆ ಖಾಲಿ ಸೈಟುಗಳು, ಎಡಕ್ಕೆ ಕಾಲೇಜಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರ ಮಹಡಿ ಮನೆ. ಕೊಟ್ಟಿಗೆಯ ಪಕ್ಕ ಅಪ್ಪ ಬದುಕಿದ್ದಾಗ ತೋಡಿಸಿದ ಗೋಬರ್ ಗ್ಯಾಸ್ ಗುಂಡಿ ಇತ್ತು. ಸಗಣಿಗೆ ನೀರು ಕಲಸಿ ಒಂದು ಕಡೆಯಿಂದ ಸುರಿದರೆ ಒಳಗೆ ಕೊಳೆತು ಗ್ಯಾಸಾಗಿ, ಮೇಲೆ ಬೋರಲು ಕವಚಿದ ದೊಡ್ಡ ಕಬ್ಬಿಣದ ಮುಚ್ಚಳವನ್ನು ಮೆಲ್ಲಗೆ ಎತ್ತುತ್ತಿತ್ತು. ಅದಕ್ಕೆ ನಾವು ಟೋಪಿ ಅನ್ನುತ್ತಿದ್ದೆವು. ಅಲ್ಲಿಂದ ಅಡುಗೆಮನೆಗೆ ಪೈಪು. ಅವ್ವ ಬೆಳಿಗ್ಗೆ ಎದ್ದು ದೇವರ ಮುಖ ನೋಡುವುದಕ್ಕೆ ಮುಂಚೆ ಟೋಪಿ ಎಷ್ಟು ಎದ್ದಿದೆ ಅಂತ ನೋಡುತ್ತಿದ್ದಳು. ಅವತ್ತು ಮನೆಯಲ್ಲಿ ಏಟು ಬೀಳುತ್ತದೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತಿತ್ತು.

ಎರಡು ಹಸು ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಒಂದು ಗೊಡ್ಡಾಯಿತು ಅಂತ ಮಾರಿದ್ದಾಯಿತು, ಉಳಿದದ್ದು ಕಂದು ಬಣ್ಣದ ಒಂದೇ ಹಸು. ಒಂದು ಹಸುವಿನ ಸಗಣಿಗೆ ಟೋಪಿ ಅರ್ಧಕ್ಕೂ ಏಳದು. ಎಸರಿಗೆ ರಾಗಿ ಹಿಟ್ಟು ಹಾಕಿದ ಹೊತ್ತಿಗೆ ಸರಿಯಾಗಿ ಉರಿ ಕುಗ್ಗಿ ಪುಸಕ್ಕನೆ ಆರಿಹೋಗುತ್ತಿತ್ತು. ಅರ್ಧ ಬೆಂದ ಹಿಟ್ಟು ಪಾತ್ರೆಯ ಸಮೇತ ಗೋಡೆಗೆ ಹೋಗಿ ಬಡಿಯುತ್ತಿತ್ತು. ಸಿಲಿಂಡರ್ ತಂದುಬಿಡೋಣ ಅಂತ ಒಂದು ಸಲ ಬಾಯಿ ಬಿಟ್ಟೆ. ಅವ್ವ ಮುದ್ದೆ ತಿರುವುವ ಕೋಲನ್ನೇ ನನ್ನ ಭುಜಕ್ಕೆ ಬೀಸಿದಳು. ಪಕ್ಕದ ಮೇಷ್ಟ್ರು ನಾತ, ಸೊಳ್ಳೆ ಅಂತ ಕಾರ್ಪೊರೇಷನ್ನಿಗೆ ಎರಡು ಸಲ ಅರ್ಜಿ ಬರೆದಿದ್ದರು. ನೋಡಲು ಬಂದವರಿಗೆಲ್ಲ ಅವ್ವ, ಹಸು ಹೋದರೆ ನನ್ನ ಒಲೆ ಉರಿಯಲ್ಲ ಸ್ವಾಮಿ, ಅಂತ ಉರಿಯುವ ಒಲೆಯನ್ನೇ ತೋರಿಸಿ ಕಳಿಸಿದ್ದಳು. ಸಿಲಿಂಡರ್ ಒಳಗೆ ಬಂದ ದಿನ ಹಸು ಹೊರಗೆ ಹೋಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಆ ಹಸು ಬಿಟ್ಟರೆ ಅವಳಿಗೆ ಬೆಳಗಾದರೆ ಏಳುವುದಕ್ಕೆ ಬೇರೆ ಕಾರಣವಿರಲಿಲ್ಲ, ನಾನಂತೂ ಆ ಕಾರಣವಾಗಿರಲಿಲ್ಲ.

ನಾನು ದೇವರಾಜ ಮೊಹಲ್ಲಾದ ಬಟ್ಟೆ ಅಂಗಡಿಯೊಂದರಲ್ಲಿ ಬ್ಲೌಸ್ ಪೀಸ್ ಕೌಂಟರಿನಲ್ಲಿ ನಿಲ್ಲುತ್ತೇನೆ. ನನ್ನ ಜೊತೆ ನಿಲ್ಲುವವಳು ನಂಜನಗೂಡು ಕಡೆಯವಳು. ಒಂದು ಬೆಳಿಗ್ಗೆ ನನ್ನ ಭುಜದ ಬಾವು ನೋಡಿ ಏನು ಅಂತ ಕೇಳಿದಳು. ಗ್ಯಾಸ್ ಸಾಲುತ್ತಿಲ್ಲ ಅಂದೆ. ಅವಳು ನಗಲಿಲ್ಲ. ತನ್ನ ತವರಲ್ಲಿ ಸಗಣಿ ಕಡಿಮೆ ಬಿದ್ದಾಗ ಸೊಪ್ಪು ಸೇರಿಸುತ್ತಾರೆ ಅಂತ ಹೇಳಿಕೊಟ್ಟಳು. ಪೊದೆ ಗಿಡಗಳ ಎಲೆ ಬಿಡಿಸಿ, ಕಡ್ಡಿ ಬಿಸಾಕಿ, ಸಣ್ಣಗೆ ಕೊಚ್ಚಬೇಕು. ಇಡೀ ಎಲೆ ಹಾಕಿದರೆ ಗುಂಡಿಯಲ್ಲಿ ತೇಲಿ ಚಾಪೆಯ ಹಾಗೆ ಕಟ್ಟಿಕೊಳ್ಳುತ್ತದೆ. ಕೊಚ್ಚಿದ್ದನ್ನು ಸಗಣಿಯಲ್ಲಿ ಕಲಸಿ, ಬೇಗ ಹುಳಿ ಬರಲಿ ಅಂತ ಚೂರು ಬೆಲ್ಲದ ನೀರು ಹಾಕಿ, ಡ್ರಮ್ಮಿನಲ್ಲಿ ಒಂದು ವಾರ ಮುಚ್ಚಿಟ್ಟು ಆಮೇಲೆ ಗುಂಡಿಗೆ ಬಿಡಬೇಕು. ಯಾವ ಗಿಡ ಅಂದೆ. ಹಸಿರುಗೊಬ್ಬರದ ಗಿಡ ಒಳ್ಳೆಯದು, ಸಿಗದಿದ್ದರೆ ಲಂಟಾನವೂ ನಡೆಯುತ್ತೆ, ಆದರೆ ಅದಕ್ಕೆ ಹಸು ಬಾಯಿ ಹಾಕದ ಹಾಗೆ ನೋಡಿಕೊ, ದನಕ್ಕೆ ಅದು ವಿಷ, ಅಂದಳು. ಅವಳು ಇದನ್ನು ಸ್ಪಷ್ಟವಾಗಿ ಹೇಳಿದಳು, ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ.

ನಮ್ಮ ಬಲಗಡೆಯ ಖಾಲಿ ಸೈಟುಗಳಲ್ಲಿ ಲಂಟಾನ ಬಿಟ್ಟರೆ ಬೇರೇನಿರಲಿಲ್ಲ. ಆಳೆತ್ತರ ಬೆಳೆದು, ಮೈತುಂಬ ಮುಳ್ಳಿಟ್ಟುಕೊಂಡು, ಮೇಲೆ ಮಾತ್ರ ಕೆಂಪು ಹಳದಿ ಹೂವು ಬಿಟ್ಟುಕೊಂಡು ನಿಂತಿತ್ತು. ಭಾನುವಾರ ಬೆಳಿಗ್ಗೆ ಮಚ್ಚು ಹಿಡಿದು ಒಳಗೆ ನುಗ್ಗುತ್ತಿದ್ದೆ. ಮೊಣಕೈವರೆಗೆ ಗೀರಿ ರಕ್ತ ಬರುತ್ತಿತ್ತು. ಸುಳ್ಳೇಕೆ, ನನಗೆ ಅದು ಹಿಡಿಸಿತು. ಕೊರಡಿನ ಮೇಲೆ ಎಲೆ ಗುಡ್ಡೆ ಹಾಕಿಕೊಂಡು ಕೊಚ್ಚುವಾಗ ಅಂಗಡಿ ಮಾಲೀಕ, ಹಲ್ಲು ಹೋದ ಗಂಡ, ಅವ್ವ, ಎಲ್ಲರೂ ಒಬ್ಬೊಬ್ಬರಾಗಿ ಆ ಕೊರಡಿನ ಮೇಲೆ ಬಂದು ಹೋಗುತ್ತಿದ್ದರು. ಕೊಚ್ಚಿ ಮುಗಿದಾಗ ಮೈ ಹಗುರವಾಗುತ್ತಿತ್ತು.

ಎರಡನೇ ತಿಂಗಳಿಗೆ ಟೋಪಿ ಮುಕ್ಕಾಲು ಎದ್ದಿತು. ಮುದ್ದೆ ಬೆಂದು, ಸಾರು ಕುದಿದು, ಹಾಲು ಕಾಯಿಸಿದ ಮೇಲೂ ಉರಿ ಇತ್ತು. ಅವ್ವ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ನೋಡಿ, ಎಲೆಗೂ ಉರಿ ಐತೆ ಕಣೆ, ಅಂದಳು. ಹೊಗಳಿಕೆ ಅಂತ ಅವಳ ಬಾಯಿಂದ ನಾನು ಕೇಳಿದ್ದು ಅದೊಂದೇ. ಮೂರು ತಿಂಗಳು ನನಗೆ ಒಂದೇ ಒಂದು ಏಟು ಬೀಳಲಿಲ್ಲ. ಏಟಿಲ್ಲದೆ ಬದುಕುವುದು ಎಷ್ಟು ಸುಖ ಅಂತ ಆಗ ಗೊತ್ತಾಯಿತು, ಅದನ್ನು ಕಳೆದುಕೊಳ್ಳುವ ಭಯವೂ ಆಗಲೇ ಹತ್ತಿಕೊಂಡಿತು.

ದೀಪಾವಳಿ ಬಂತು. ಬಲಿಪಾಡ್ಯಮಿಯ ಬೆಳಿಗ್ಗೆ ಬಾಗಿಲಲ್ಲಿ ಸಗಣಿಯ ಪುಟ್ಟ ಗುಪ್ಪೆ ಇಟ್ಟು ಹೂವು ಸಿಕ್ಕಿಸಬೇಕಲ್ಲ, ಬಡಾವಣೆಯ ಮಹಡಿ ಮನೆಗಳವರೆಲ್ಲ ಅವತ್ತು ನಮ್ಮ ಗೇಟಿಗೆ ಬರುತ್ತಾರೆ. ವರ್ಷವೆಲ್ಲ ಮೂಗು ಮುಚ್ಚಿಕೊಂಡು ಓಡಾಡುವವರು ಅವತ್ತು ಪ್ಲಾಸ್ಟಿಕ್ ಕವರ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ಹಬ್ಬದ ದಿನ ಸಗಣಿ ಇಲ್ಲ ಅನ್ನಬಾರದು ಅನ್ನುವುದು ಅವ್ವನ ನೇಮ. ಬೊಗಸೆ ಬೊಗಸೆ ಹಾಕಿ ಕಳಿಸಿದಳು. ಒಂಬತ್ತು ಗಂಟೆಯ ಹೊತ್ತಿಗೆ ಕೊಟ್ಟಿಗೆಯಲ್ಲಿ ಒಂದು ಹಿಡಿ ಸಗಣಿ ಉಳಿಯಲಿಲ್ಲ.

ನಾನು ಹಿಂದಿನ ದಿನವೇ ಲಂಟಾನ ಕೊಚ್ಚಿ ದೊಡ್ಡ ಬೇಸಿನ್ನಿನ ತುಂಬ ಇಟ್ಟಿದ್ದೆ. ಕಲಸಲು ಸಗಣಿ ಇಲ್ಲ, ಸೊಪ್ಪು ಬಾಡುತ್ತಿದೆ. ಸಗಣಿ ಸಂಜೆ ಬೆರೆಸಿದರಾಯಿತು, ಅಷ್ಟರಲ್ಲಿ ಹುಳಿಯಾದರೂ ಹಿಡಿಯಲಿ ಅಂತ ಬರೀ ಬೆಲ್ಲದ ನೀರು ಚಿಮುಕಿಸಿ ಕೊಟ್ಟಿಗೆಯ ಗೋಡೆಗೆ ಒತ್ತಿ ಇಟ್ಟೆ. ಮುಚ್ಚಲಿಲ್ಲ. ದಿನಾ ಸಗಣಿ ಬೆರೆತಿರುತ್ತಿದ್ದರಿಂದ ಹಸು ಅದರ ಕಡೆ ಮೂಸಿಯೂ ನೋಡುತ್ತಿರಲಿಲ್ಲ, ಆ ಧೈರ್ಯ ನನಗೆ. ಪೂಜೆಗೆ ಅಂತ ಅವ್ವ ಹಸುವಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹಗ್ಗವನ್ನು ಉದ್ದ ಬಿಟ್ಟಿದ್ದಳು.

ಆ ಮಧ್ಯಾಹ್ನ ಪಕ್ಕದ ಮೇಷ್ಟ್ರು ಹೆಂಡತಿಯ ಜೊತೆ ತಟ್ಟೆ ಹಿಡಿದು ಬಂದರು. ಬಾಳೆಹಣ್ಣು, ನಾಲ್ಕು ಹೋಳಿಗೆ. ಹಬ್ಬದ ದಿನ ಗೋವಿಗೆ ತಿನ್ನಿಸಬೇಕು ಅಂತ ಆಸೆ ಅಮ್ಮಾ, ಅಂದರು. ಅರ್ಜಿ ಬರೆದವರು ಇವರೇ. ಅವ್ವ ಮುಖ ಗಂಟು ಹಾಕಿಕೊಂಡೇ ದಾರಿ ಬಿಟ್ಟಳು. ಅವರು ತಿನ್ನಿಸಿ, ಹಸುವಿನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು.

ಸಂಜೆ ನಾನು ನೋಡಿದಾಗ ಬೇಸಿನ್ನು ಅರ್ಧ ಖಾಲಿಯಾಗಿತ್ತು. ಹಸುವಿನ ಮೂತಿಗೆ ಹಸಿರು ಅಂಟಿತ್ತು. ಅವ್ವ ಒಳಗಿದ್ದಳು, ಕರೆದು ಹೇಳುವುದಕ್ಕೆ ಎರಡು ಹೆಜ್ಜೆ ಸಾಕಿತ್ತು. ನಾನು ಸೆರಗಿನಿಂದ ಹಸುವಿನ ಮೂತಿ ಒರೆಸಿದೆ. ಉಳಿದ ಸೊಪ್ಪನ್ನು ಡ್ರಮ್ಮಿಗೆ ಸುರಿದು, ಬೇಸಿನ್ನು ತೊಳೆದು ಬೋರಲು ಹಾಕಿದೆ.

ಮೂರನೇ ಬೆಳಿಗ್ಗೆ ಹಸು ಮೇವು ಮುಟ್ಟಲಿಲ್ಲ. ಸಗಣಿ ಹಾಕಲಿಲ್ಲ. ಬಿಸಿಲಿಗೆ ಬರಲು ಒಲ್ಲದೆ ಗೋಡೆಗೆ ಮುಖ ಮಾಡಿ ನಿಂತಿತು. ದನದ ಡಾಕ್ಟರು ಬಂದರು. ಕಣ್ಣಿನ ರೆಪ್ಪೆ ಎಳೆದು ನೋಡಿ, ಕಾಮಾಲೆಯ ಹಾಗಿದೆ ಅಂದರು. ಏನು ತಿಂದಿದೆ ಅಂತ ಕೇಳಿದರು. ಏನೋ ವಿಷದ ಗಿಡ ತಿಂದಿರಬೇಕು, ಯಾವುದು ಅಂತ ಗೊತ್ತಾದರೆ ಇವತ್ತೇ ಹೊಟ್ಟೆ ಖಾಲಿ ಮಾಡಿಸಿ ಉಳಿಸಬಹುದು, ತಡವಾದರೆ ಕಷ್ಟ, ಅಂತ ಬಿಡಿಸಿ ಹೇಳಿದರು. ಮನೆಯ ಹುಲ್ಲು, ಹಿಂಡಿ ಬಿಟ್ಟರೆ ಪಕ್ಕದವನ ತಟ್ಟೆಯದೇ ತಿಂದಿರೋದು ಅಂದಳು ಅವ್ವ. ಸಗಣಿ ಬೆರೆತ ಸೊಪ್ಪನ್ನು ಹಸು ಮೂಸದ್ದನ್ನು ದಿನಾ ನೋಡಿದ್ದವಳಿಗೆ ಅದರ ಮೇಲೆ ಅನುಮಾನವೇ ಇರಲಿಲ್ಲ. ಹೋಳಿಗೆಗೆ ಹೀಗಾಗಲ್ಲ ಅಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, ನೀವೇನಾದರೂ ನೋಡಿದ್ದೀರಾ ಅಂದರು. ಅವ್ವನ ಕೈ ಕೊಟ್ಟಿಗೆಯ ಕಂಬದ ಮೇಲಿತ್ತು. ನಾನು ಆ ಕೈಯನ್ನೇ ನೋಡುತ್ತ ಇಲ್ಲ ಅಂದೆ. ಅಂದಾಜಿನ ಮೇಲೆ ಒಂದು ಇಂಜೆಕ್ಷನ್ ಕೊಟ್ಟು ಹೊರಟುಹೋದರು.

ಡಾಕ್ಟರ ಸ್ಕೂಟರು ತಿರುವು ದಾಟುವ ಮೊದಲೇ ಅವ್ವ ಕೊಟ್ಟಿಗೆಯ ಮೂಲೆಯಿಂದ ದೊಣ್ಣೆ ಎಳೆದುಕೊಂಡಿದ್ದಳು. ಮೇಷ್ಟ್ರು ಅವರ ಗೇಟಿನ ಮುಂದೆ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ಹೋಳಿಗೇಲಿ ಏನಿಕ್ಕಿದ್ದೆ ಅಂತ ಅವ್ವ ಕೇಳಿದಳು, ಉತ್ತರಕ್ಕೆ ಕಾಯಲಿಲ್ಲ. ತಲೆಗೆ ಬೀಳಬೇಕಿದ್ದ ಏಟಿಗೆ ಅವರು ಕೈ ಅಡ್ಡ ತಂದರು. ಒಣಗಿದ ಕಡ್ಡಿ ಮುರಿದ ಸದ್ದು ಬಂತು. ಅವರು ಬಗ್ಗಿದರು, ಬಗ್ಗಿದ ಬೆನ್ನಿಗೆ ಇನ್ನೊಂದು ಬಿತ್ತು. ಪೈಪು ನೆಲದ ಮೇಲೆ ಹೊರಳಾಡುತ್ತ ಅವ್ವನ ಸೀರೆಯನ್ನೂ ಅವರ ಪಂಚೆಯನ್ನೂ ನೆನೆಸಿತು. ನಾನು ನಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಒಂದು ಮಾತು ಆಡಿದ್ದರೆ ಮೊದಲನೇ ಏಟೂ ಬೀಳುತ್ತಿರಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆಯಾಯಿತು, ಆದರೂ ಬಾಯಿ ತೆರೆಯಲಿಲ್ಲ.

ಪೊಲೀಸರು ಬರುತ್ತಾರೆ ಅಂತ ಎರಡು ದಿನ ಕಾದೆ. ಯಾರೂ ಬರಲಿಲ್ಲ. ಐದನೇ ದಿನ ಹಸುವಿನ ಮೂತಿಯ ಚರ್ಮ ಬಿರಿದು ಸುಲಿಯತೊಡಗಿತು. ಬೆನ್ನ ಮೇಲೆ ಬಿಸಿಲು ಬಿದ್ದ ಕಡೆಯೆಲ್ಲ ತೊಗಲು ಎದ್ದಿತ್ತು. ಅವ್ವ ಕೊಬ್ಬರಿ ಎಣ್ಣೆ ಸವರುತ್ತ, ತಿನ್ನು ನನ್ನವ್ವ, ಒಂದು ಎಸಳು ತಿನ್ನು ಅಂತ ಬೇಡುತ್ತಿದ್ದಳು. ಆ ದನಿಯಲ್ಲಿ ಅವಳು ಯಾರ ಹತ್ತಿರವೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಅಂಗಡಿಗೆ ಹೋಗಿ, ಹಿಂದಿನ ಗೋಡೌನಿನಲ್ಲಿ ನಿಂತು ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವತ್ತು ನಿಮ್ಮನ್ನೇ ಕೇಳಿದೆನಲ್ಲಮ್ಮ, ಅಂದರು. ಅಷ್ಟೇ. ಬಂದು ಮೂಗಿಗೆ ಕೊಳವೆ ಇಳಿಸಿ ಔಷಧಿ ಹುಯ್ದರು, ಬಾಟಲಿ ಕಟ್ಟಿದರು. ಅವ್ವನ ಮುಂದೆ ಏನನ್ನೂ ಆಡಲಿಲ್ಲ, ಹೋಗುವಾಗ ನನ್ನ ಮುಖವನ್ನೂ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಹಸು ಕಾಲು ಝಾಡಿಸಿ ಝಾಡಿಸಿ, ಗೋಡೆಯ ಗಾರೆ ಕಿತ್ತುಬರುವ ಹಾಗೆ ಒದ್ದು ಸತ್ತಿತು. ಗುಂಡಿಯಲ್ಲಿ ಮಾತ್ರ ಟೋಪಿ ಇನ್ನೂ ಎದ್ದೇ ಇತ್ತು. ಅವ್ವನ ಹೊಟ್ಟೆಗೆ ಏನಾದರೂ ಬೀಳಲಿ ಅಂತ ನಾನು ಒಲೆ ಹಚ್ಚಿ ಕಾಫಿ ಮಾಡಿದೆ. ಸತ್ತ ಹಸುವಿನ ಸಗಣಿ ಅದು, ಚೆನ್ನಾಗಿ ಉರಿಯಿತು. ಅವ್ವ ಲೋಟ ತೆಗೆದುಕೊಂಡು, ಒಲೆಯ ಉರಿಯನ್ನು ನೋಡಿ, ಲೋಟವನ್ನು ಗೋಡೆಗೆ ಬೀಸಿದಳು. ಆಮೇಲೆ ಕೊಟ್ಟಿಗೆಗೆ ಹೋದಳು. ವಾಪಸು ಬಂದಾಗ ಅವಳ ಕೈಯಲ್ಲಿ ನಾನು ಸೊಪ್ಪು ಕೊಚ್ಚುವ ಮಚ್ಚಿತ್ತು.

ಎಲ್ಲಿಗೆ ಅಂದೆ. "ಅವನ್ನ ಮುಗುಸ್ಬುಟ್ಟು ಬತ್ತೀನಿ" ಅಂದಳು. ಕೂಗಿ ಹೇಳಲಿಲ್ಲ. ಸೊಪ್ಪು ತರುತ್ತೇನೆ ಅನ್ನುವ ಹಾಗೆ ಹೇಳಿದಳು. ಅವ್ವ ಕೂಗಾಡಿದರೆ ನನಗೆ ಭಯವಿಲ್ಲ. ಈ ದನಿಗೆ ಹೆದರಿದೆ. ಓಡಿಹೋಗಿ ಗೇಟಿಗೆ ಬೆನ್ನು ಕೊಟ್ಟು ನಿಂತೆ.

"ಅವರಲ್ಲ ಅವ್ವ, ನಾನು. ಹಬ್ಬದ ದಿನ ಸೊಪ್ಪಿಗೆ ಬರೀ ಬೆಲ್ಲದ ನೀರು ಹಾಕಿಟ್ಟಿದ್ದೆ. ಅದನ್ನ ತಿಂದುಬಿಡ್ತು."

"ನಿಂಗೆ ಯಾವತ್ತು ಗೊತ್ತಾಯ್ತು?"

"ಅವತ್ತೇ."

ಬೇರೆಲ್ಲವನ್ನೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವತ್ತೇ ಅನ್ನುವುದನ್ನು ತಡೆದುಕೊಳ್ಳಲಾಗಲಿಲ್ಲ. ಮಚ್ಚು ಮೇಲೆದ್ದಿತು. ಅವಳ ಕಣ್ಣಲ್ಲಿ ನಾನು ಮಗಳಾಗಿರಲಿಲ್ಲ, ಅದು ನನಗೆ ಕಂಡಿತು. ಕಡೇ ಗಳಿಗೆಯಲ್ಲಿ ಅವಳ ಮುಂಗೈ ತಿರುಗಿತು, ಮಚ್ಚಿನ ಮೊಂಡು ಬೆನ್ನು ನನ್ನ ಹೆಗಲಿಗೆ ಬಿತ್ತು. ನಾನು ಕುಸಿದೆ. ಇನ್ನೆರಡು ಬಿತ್ತು, ಸೊಂಟಕ್ಕೊಂದು ತೊಡೆಗೊಂದು. ಅಡ್ಡ ಕೈ ತರಲಿಲ್ಲ. ಹುಟ್ಟಿದಾಗಿನಿಂದ ತಿಂದ ಏಟುಗಳಲ್ಲಿ ಇವು ಮೂರು ನ್ಯಾಯವಾದವು ಅನ್ನಿಸಿತು. ಅವಳು ಮಚ್ಚನ್ನು ಬಿಸಾಕಿ, ನನ್ನ ಜಡೆಗೆ ಕೈ ಹಾಕಿ ಎಬ್ಬಿಸಿ, ಎಳೆದುಕೊಂಡೇ ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು.

ಮೇಷ್ಟ್ರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ಪ್ಲಾಸ್ಟರಿನಲ್ಲಿ, ಕತ್ತಿಗೆ ಕಟ್ಟಿದ ಬಟ್ಟೆಯಲ್ಲಿ. ನಮ್ಮನ್ನು ಕಂಡು ಎದ್ದು ಗೋಡೆಗೆ ಸರಿದರು. ಅವರ ಹೆಂಡತಿ ಒಳಗಿನಿಂದ ಓಡಿ ಬಂದರು. ಅವ್ವ ನನ್ನ ತಲೆಯನ್ನು ಮುಂದಕ್ಕೆ ನೂಕಿ, ಹೇಳು ಅಂದಳು. ಹೇಳಿದೆ. ಬೇಸಿನ್ನು ತೊಳೆದಿಟ್ಟದ್ದನ್ನೂ ಹೇಳಿದೆ, ಡಾಕ್ಟರಿಗೆ ಇಲ್ಲ ಅಂದದ್ದನ್ನೂ, ಗೇಟಿನಲ್ಲಿ ನಿಂತು ನೋಡಿದ್ದನ್ನೂ.

ಮೇಷ್ಟ್ರು ಬಯ್ಯಲಿಲ್ಲ. "ಹಾಗಾದ್ರೆ ನನ್ನ ಹೋಳಿಗೆಯಿಂದ ಅಲ್ವಾ?" ಅಂತ ಕೇಳಿದರು, ಎರಡು ಸಲ ಕೇಳಿದರು. ಆಮೇಲೆ ಕೂತುಬಿಟ್ಟರು.

ಅಷ್ಟೂ ದಿನ ಆ ಮನುಷ್ಯ ಗೋವಿಗೆ ಕಾಯಿಲೆ ತಂದದ್ದು ತಾನೇ ಅಂತ ನಂಬಿಕೊಂಡಿದ್ದರಂತೆ. ಅವರ ಹೆಂಡತಿ ಹೇಳಿದರು. ಹೋಳಿಗೆಯ ಎಣ್ಣೆಯೋ ಹೂರಣವೋ ಹಸುವಿಗೆ ಆಗಿಬರಲಿಲ್ಲ ಅಂತ ಕೊರಗಿ ಕೊರಗಿ ಊಟ ಬಿಟ್ಟಿದ್ದರಂತೆ. ಆಸ್ಪತ್ರೆಯಲ್ಲಿ ಬಾತ್‌ರೂಮಿನಲ್ಲಿ ಜಾರಿಬಿದ್ದೆ ಅಂತ ಬರೆಸಿದ್ದರಂತೆ, ಆ ಏಟು ತನಗೆ ಸಲ್ಲಬೇಕಾದದ್ದೇ ಅಂತ. ಹೇಳುತ್ತ ಹೇಳುತ್ತ ಆಕೆಯ ಮುಖ ಕೆಂಪೇರಿತು. ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ, ಎತ್ತಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಆ ಕೈ ನನ್ನ ಕೆನ್ನೆಗೇ ಬರುತ್ತಿತ್ತು.

ಅವ್ವನ ಮುಷ್ಟಿಯಲ್ಲಿ ನನ್ನ ಜಡೆ ಇನ್ನೂ ಇತ್ತು. ಒಂದೇ ಎಳೆತಕ್ಕೆ ನನ್ನನ್ನು ಹಿಂದಕ್ಕೆ ಸರಿಸಿ ತಾನು ಮುಂದೆ ನಿಂತಳು. ಏಟು ಅವಳ ಕೆನ್ನೆಗೆ ಬಿತ್ತು. ಬಳೆ ತಾಗಿ ಹುಬ್ಬಿನ ಹತ್ತಿರ ರಕ್ತ ಬಂತು. ಅವ್ವನಿಗೆ ಯಾರೂ ಹೊಡೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ತಪ್ಪು ಯಾರದು, ಒಪ್ಪು ಯಾರದು ಎಲ್ಲ ಮರೆತು ನನ್ನ ಕೈ ಆ ಹೆಂಗಸಿನ ಮೇಲೆ ಎದ್ದಿತು. ಅವ್ವ ತಿರುಗಿಯೂ ನೋಡದೆ ನನ್ನ ಮಣಿಕಟ್ಟು ಹಿಡಿದಳು. ಮೂಳೆ ನೋಯುವಷ್ಟು ಹಿಡಿದಳು.

"ಇಳಸು. ಇದು ನಂದು ಕಣೆ."

ಆಮೇಲೆ ಆಕೆಗೆ, "ಇನ್ನೊಂದು ಆಕಿ ಅಮ್ಮೋರೆ. ನಾನು ನಿಂತಿರ್ತೀನಿ" ಅಂದಳು.

ಆಕೆ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋಗಿಬಿಟ್ಟರು. ಮೇಷ್ಟ್ರು ನೆಲ ನೋಡುತ್ತ ಕೂತಿದ್ದರು. ಅವ್ವ ರಕ್ತ ಒರೆಸಿಕೊಳ್ಳದೆ, ಇನ್ನೊಂದು ಏಟಿಗೆ ಕೆನ್ನೆ ಒಡ್ಡಿಕೊಂಡು ಅಲ್ಲೇ ಬಹಳ ಹೊತ್ತು ನಿಂತಿದ್ದಳು. ಅದು ನನಗೆ ಬೀಳಬೇಕಾದ ಏಟಾಗಿತ್ತು. ನಲವತ್ತೆರಡು ವರ್ಷ ಅಷ್ಟು ಏಟು ಕೊಟ್ಟವಳು ಅದೊಂದನ್ನು ಮಾತ್ರ ನನಗೆ ಕೊಡಲಿಲ್ಲ.